ಬಾಲನಟನ ತಾಲೀಮು: ವೃತ್ತಿ ನಾಟಕ ಮಂಡಳಿಗಳ ಸಂಗೀತ ಶಿಕ್ಷಣವನ್ನು ಕುರಿತು

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತು ಇದುವರೆಗೆ ಬಂದಿರುವ ಬರಹಗಳಲ್ಲಿ ಬಹುಪಾಲು, ತೆರೆ ಎದ್ದ ಮೇಲಿನ ಕಥೆಯನ್ನೇ ಹೇಳುತ್ತವೆ. ಯಾವ ಮಂಡಳಿ ಎಂದು ಹುಟ್ಟಿತು, ಯಾವ ಮಾಲೀಕರು ಎಷ್ಟು ಸಾಲ ಮಾಡಿ ಎಂತಹ ರಂಗಸಜ್ಜಿಕೆಯನ್ನು ನಿಲ್ಲಿಸಿದರು, ಯಾವ ನಟರ ಹಾಡಿಗೆ ಸಭಿಕರು ‘ಒನ್ಸ್ ಮೋರ್’ ಕೂಗಿದರು ಎಂಬ ಸಂಗತಿಗಳು ಬೇಕಾದಷ್ಟು ದೊರೆಯುತ್ತವೆ. ತೆರೆ ಏಳುವುದಕ್ಕೆ ಮುನ್ನ, ಹಗಲು ಹೊತ್ತಿನಲ್ಲಿ, ಕಂಪನಿಯ ಬಿಡಾರದಲ್ಲಿ ಏನು ನಡೆಯುತ್ತಿತ್ತು ಎಂಬುದರ ವಿವರ ಮಾತ್ರ ಅಲ್ಲೊಂದು ಇಲ್ಲೊಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಎಂಟು ಹತ್ತು ವರ್ಷದ ಹುಡುಗನೊಬ್ಬನು ಸಂಗೀತ ನಾಟಕದ ಪಾತ್ರಕ್ಕೆ ಹೇಗೆ ಸಿದ್ಧನಾಗುತ್ತಿದ್ದನು, ಯಾರಿಂದ ಏನನ್ನು ಕಲಿಯುತ್ತಿದ್ದನು, ಆ ಕಲಿಕೆಯಿಂದ ಅವನಿಗೆ ಒದಗಿದುದೇನು, ಕೈತಪ್ಪಿದುದೇನು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ವಿಷಯವು ಸಂಗೀತಶಾಸ್ತ್ರಕ್ಕೆ ಸೇರಿದ್ದೆಂದು ಕೆಲವರಿಗೆ ತೋರಬಹುದು. ಶಾಲೆಯ ಹೊರಗೆ ನಡೆದ ಒಂದು ದೊಡ್ಡ ಶಿಕ್ಷಣಕ್ರಮದ ಚರಿತ್ರೆ ಎಂಬ ಕಾರಣದಿಂದ ನಾವು ಇದನ್ನು ಇತಿಹಾಸದ ವಿಷಯವೆಂದೇ ಎಣಿಸುತ್ತೇವೆ.

ಮೊದಲು ‘ತಾಲೀಮು’ ಎಂಬ ಮಾತನ್ನೇ ನೋಡಬಹುದು. ಇದು ಅರಬ್ಬಿ ಮೂಲದಿಂದ ಉರ್ದುವಿನ ಮೂಲಕ ಬಂದದ್ದು. ಅಲ್ಲಿ ಇದರ ಅರ್ಥ ಶಿಕ್ಷಣ. ಉತ್ತರ ಕರ್ನಾಟಕದಲ್ಲಿ ಜಟ್ಟಿಗಳು ಮೈ ಪಳಗಿಸುವ ಗರಡಿಗೂ ತಾಲೀಮು ಎಂದೇ ಹೆಸರು. ನಾಟಕದವರು ಈ ಮಾತನ್ನು ಬಳಸುವಾಗ ಎರಡೂ ಅರ್ಥಗಳು ಅದರಲ್ಲಿ ಕೂಡಿಕೊಂಡಿವೆ. ಇಂದಿನ ವಿದ್ಯಾರ್ಥಿಗಳು ‘ರಿಹರ್ಸಲ್’ ಎನ್ನುವಾಗ ಕಲಿತದ್ದನ್ನು ಮತ್ತೊಮ್ಮೆ ಮಾಡಿ ನೋಡುವುದೆಂಬ ಭಾವನೆ ಮುಂದಾಗಿರುತ್ತದೆ. ಕಂಪನಿಯ ಹುಡುಗನಿಗೆ ಅದೇ ಪಾಠ, ಅದೇ ಸಾಧನೆ, ಅದೇ ಶಾಲೆ.

ಹುಡುಗರಿಗೆ ಸಂಗೀತ ಕಲಿಸುವ ಹೊಣೆ ನಾಟಕ ಮಂಡಳಿಯ ಮೇಲೆ ಬಂದುದು ಏಕೆ? ನಮ್ಮ ಯಕ್ಷಗಾನದಲ್ಲಿ ಹಾಡುವವನು ಭಾಗವತ. ವೇಷಧಾರಿಯು ಕುಣಿದು ಅರ್ಥ ಹೇಳುತ್ತಾನೆ. ಸಾಂಗ್ಲಿಯ ವಿಷ್ಣುದಾಸ ಭಾವೆಯವರು ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವನ್ನು ಆದರ್ಶವಾಗಿಟ್ಟುಕೊಂಡು ೧೮೪೩ರಲ್ಲಿ ಮರಾಠಿಯಲ್ಲಿ ಸೀತಾಸ್ವಯಂವರದ ಆಟವನ್ನು ಆಡಿಸಿದಾಗ, ಅಲ್ಲಿಯೂ ಹಾಡಿನ ಭಾರವೆಲ್ಲ ಸೂತ್ರಧಾರನದೇ ಆಗಿದ್ದಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಶಾಕುಂತಲವನ್ನೂ ೧೮೮೨ರಲ್ಲಿ ಸೌಭದ್ರವನ್ನೂ ಸಂಗೀತ ನಾಟಕಗಳಾಗಿ ರಂಗಕ್ಕೆ ತಂದಾಗ ಈ ಕ್ರಮ ಮುರಿಯಿತು. ಹಾಡು ಸೂತ್ರಧಾರನ ಬಾಯಿಂದ ಪಾತ್ರದ ಬಾಯಿಗೆ ಬಂದಿತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕ ಸಭೆಗೆ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿಕೊಟ್ಟದ್ದೂ, ಗುಬ್ಬಿಯಲ್ಲಿ ೧೮೮೪ರಲ್ಲಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಹುಟ್ಟಿದ್ದೂ ಈ ದಶಕದ ಸುಮಾರಿನಲ್ಲಿಯೇ. ಹೀಗೆ ನಟನೇ ಗಾಯಕನಾಗಬೇಕಾಯಿತು. ಹಾಡಬಲ್ಲವರು ಅಭಿನಯಕ್ಕೆ ಬರಲೊಲ್ಲರು. ಅಭಿನಯಿಸಬಲ್ಲವರಿಗೆ ಶ್ರುತಿ ಕೂಡದು. ಸ್ತ್ರೀಯರು ರಂಗಕ್ಕೆ ಬರುವುದಂತೂ ಆಗ ದೂರದ ಮಾತು. ಆದುದರಿಂದ ಎಳೆಯ ಕಂಠದ ಹುಡುಗರನ್ನು ತಂದು, ಎರಡನ್ನೂ ಕಂಪನಿಯೊಳಗೇ ಕಲಿಸುವುದು ಅನಿವಾರ್ಯವಾಯಿತು.

ಬಂದ ಹುಡುಗರು ಯಾರು ಎಂಬುದನ್ನು ಕೆಲವು ಹೆಸರುಗಳಿಂದ ತಿಳಿಯಬಹುದು. ಗುಬ್ಬಿ ವೀರಣ್ಣನವರು (೧೮೯೧–೧೯೭೨) ತಾವು ಮುಂದೆ ಮಾಲೀಕರಾದ ಕಂಪನಿಗೆ ಮೊದಲು ಸೇರಿದ್ದು ಬಾಲನಟರಾಗಿಯೇ. ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಒಂಬತ್ತು ಹತ್ತು ವರ್ಷದ ವಯಸ್ಸಿನಲ್ಲಿ ವಾಮನರಾವ್ ಮಾಸ್ತರರ ಮಂಡಳಿಯಲ್ಲಿ ಪ್ರಹ್ಲಾದ, ಧ್ರುವ ಮೊದಲಾದ ಪಾತ್ರಗಳನ್ನು ವಹಿಸುತ್ತಿದ್ದರು. ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ಅದೇ ಮಂಡಳಿಯಲ್ಲಿದ್ದವರು. ಸವದತ್ತಿಯ ಕಡೆಯ ಏಣಗಿ ಬಾಳಪ್ಪನವರು (೧೯೧೪–೨೦೧೭) ಬಾಲನಟರಾಗಿ ಬಂದು ನೂರು ವರ್ಷ ದಾಟುವವರೆಗೆ ರಂಗಗೀತೆಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಗಾಜನೂರಿನ ಮುತ್ತುರಾಜನು ಗುಬ್ಬಿ ಕಂಪನಿಯ ನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರ ಕೈ ಹಿಡಿದುಕೊಂಡು ಬಂದವನು. ಈತನೇ ಮುಂದೆ ರಾಜಕುಮಾರ್ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾದವರು. ಬಂಟ್ವಾಳದ ಕಡೆಯ ಮಂಚಿಯ ಬಿ. ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದರು. ಅಣ್ಣನೋ ತಂದೆಯೋ ಮೊದಲೇ ಕಂಪನಿಯಲ್ಲಿದ್ದು ಕರೆತಂದವರು, ಬಡತನದಿಂದ ತಾಯಿತಂದೆಯರು ಒಪ್ಪಿಸಿದವರು, ಹಾಡಿನ ಹುಚ್ಚಿಗೆ ಓಡಿಬಂದವರು ಎಂದು ಮೂರು ಬಗೆಯ ಹುಡುಗರು ಇಲ್ಲಿ ಕಾಣುತ್ತಾರೆ. ಊಟ ಬಟ್ಟೆ ಕಂಪನಿಯದು. ಸಂಬಳ ಬಹುಕಾಲ ಹೆಸರಿಗೆ ಮಾತ್ರ.

ಆಟವು ರಾತ್ರಿ ಒಂಬತ್ತು ಹತ್ತು ಗಂಟೆಗೆ ಆರಂಭವಾಗಿ ಬೆಳಗಿನ ಜಾವದವರೆಗೂ ನಡೆಯುತ್ತಿದ್ದ ಕಾಲ ಅದು. ಹಾಗಾಗಿ ತಾಲೀಮಿಗೆ ದೊರೆಯುತ್ತಿದ್ದುದು ಮಧ್ಯಾಹ್ನದ ಹೊತ್ತು. ಗುರುಗಳೆಂದರೆ ಬಹುಮಟ್ಟಿಗೆ ಪೇಟಿ ಮಾಸ್ತರರು. ಮೈಸೂರು ಸೀಮೆಯವರ ಮಾತಿನಲ್ಲಿ ಹಾರ್ಮೋನಿಯಂ ಮೇಷ್ಟ್ರು. ರಾತ್ರಿ ರಂಗದ ಮುಂದಿನ ತಗ್ಗಿನಲ್ಲಿ ಕಾಲಿನಿಂದ ತುಳಿಯುವ ಪೇಟಿಯ ಮುಂದೆ ಕುಳಿತು ಇಡೀ ನಾಟಕವನ್ನು ನಡೆಸುತ್ತಿದ್ದವರೂ ಅವರೇ. ಹುಡುಗರಲ್ಲಿ ಅನೇಕರಿಗೆ ಅಕ್ಷರ ಸರಿಯಾಗಿ ಬಾರದು. ಆದುದರಿಂದ ಪಾಠವೆಲ್ಲ ಕಿವಿಯಿಂದ. ಮೊದಲು ಸಾಹಿತ್ಯವನ್ನು ಬರಿಯ ಮಾತಾಗಿ ಹೇಳಿಸಿ ಬಾಯಿಗೆ ಬರಿಸುವುದು, ಆಮೇಲೆ ಪೇಟಿಯಲ್ಲಿ ಒಂದು ಸಾಲು ನುಡಿಸುವುದು, ಹುಡುಗನು ಅದನ್ನು ಹಾಡುವುದು, ಕೈಯಲ್ಲಿ ತಾಳ ಹಾಕಿಸುವುದು, ತಬಲದೊಡನೆ ಕೂಡಿಸುವುದು. ಇಷ್ಟು ಆದ ಮೇಲೆ ಎದ್ದು ನಿಲ್ಲಿಸಿ, ನಡೆಯುತ್ತ, ಕೈಮುಗಿಯುತ್ತ, ಅಳುತ್ತ ಹಾಡಿಸುವುದು. ಕುಳಿತಾಗ ಸರಾಗವಾಗಿ ಬಂದ ಹಾಡು ನಿಂತಾಗ ಕೆಡುವುದು ಸಾಮಾನ್ಯ. ಉಸಿರು ಹೆಜ್ಜೆಗೆ ಹೋಗಿ ಕಂಠಕ್ಕೆ ಸಾಲದಾಗುತ್ತದೆ.

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಹಳೆಯ ಕಂಪನಿ ನಾಟಕದ ಒಂದೆರಡು ದೃಶ್ಯಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಇದನ್ನು ನಾವು ಪ್ರತ್ಯಕ್ಷವಾಗಿ ಕಂಡೆವು. ಭಾವಗೀತೆಗಳ ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದ ವಿದ್ಯಾರ್ಥಿಯೊಬ್ಬನು ಧ್ವನಿವರ್ಧಕವಿಲ್ಲದೆ, ರಂಗದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ ನಾಲ್ಕು ಸಾಲು ಹಾಡುವುದಕ್ಕೆ ಮೂರು ವಾರ ಹೆಣಗಿದನು. ಹಾಡಿಗಿಂತ, ಹಾಡು ಮುಗಿದ ಮೇಲೆ ಮತ್ತೆ ಮಾತಿಗೆ ಇಳಿಯುವುದೇ ತನಗೆ ಹೆಚ್ಚು ಕಷ್ಟವೆಂದು ಅವನು ಹೇಳಿದ್ದು ನಮಗೆ ಬಹಳ ಉಪಯುಕ್ತವಾಯಿತು.

ಏಕೆಂದರೆ ಕಂಪನಿ ಶಿಕ್ಷಣದ ಮರ್ಮವೇ ಅಲ್ಲಿದೆ. ಆ ನಾಟಕಗಳಲ್ಲಿ ಮಾತೂ ಶ್ರುತಿಯಲ್ಲಿಯೇ ಇರುತ್ತಿದ್ದಿತು. ಸಂಭಾಷಣೆ ನಡೆಯುತ್ತಿರುವಾಗಲೇ ಪೇಟಿಯ ಆಧಾರಸ್ವರವು ಮೆಲ್ಲಗೆ ಹಿಡಿದಿರುತ್ತದೆ. ನಟನು ಮಾತಿನ ಕೊನೆಯ ಪದವನ್ನು ಆ ಸ್ವರದ ಸಮೀಪಕ್ಕೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಹಾಡು ಏಳುತ್ತದೆ. ಕೇಳುವವರಿಗೆ ಮಾತು ಮುಗಿದು ಹಾಡು ಆರಂಭವಾಯಿತೆಂಬ ಬಿರುಕು ತಿಳಿಯಬಾರದು. ಹುಡುಗನು ಹೀಗೆ ಮಾತನಾಡುವುದನ್ನು ಕಲಿಯದ ಹೊರತು ಅವನ ಹಾಡು ಎಷ್ಟೇ ಚೆನ್ನಾಗಿದ್ದರೂ ಪಾತ್ರ ಕೊಡುತ್ತಿರಲಿಲ್ಲ. ಇಂದು ಕಂಪನಿ ನಾಟಕದ ಮಾತನ್ನು ‘ರಾಗ ಎಳೆಯುವುದು’ ಎಂದು ಹಾಸ್ಯ ಮಾಡುವವರು ಅದರ ಹಿಂದಿದ್ದ ಈ ಕಾರಣವನ್ನು ಮರೆತಿರುತ್ತಾರೆ.

ತಾಳವಿರುವ ಪದಗಳಿಗಿಂತ ಕಂದ ವೃತ್ತಗಳ ಪಾಠ ಕಠಿನ. ಅಲ್ಲಿ ತಬಲದ ಆಸರೆಯಿಲ್ಲ. ಛಂದಸ್ಸಿನ ನಡೆಯನ್ನೂ ರಾಗದ ವಿಸ್ತಾರವನ್ನೂ ಪದವಿಭಾಗವನ್ನೂ ಒಟ್ಟಿಗೆ ನಿಭಾಯಿಸಬೇಕು. ಅರ್ಥ ತಿಳಿಯದ ಹುಡುಗನು ಉಸಿರು ತೆಗೆದುಕೊಳ್ಳಲೆಂದು ಸಮಾಸದ ನಡುವೆ ನಿಂತರೆ ಪದ್ಯ ಹಾಳಾಗುತ್ತದೆ. ಹೀಗಾಗಿ ಪೇಟಿ ಮಾಸ್ತರರು ಬೇಡವೆಂದರೂ ಭಾಷಾಪಂಡಿತರಾಗಬೇಕಾಗುತ್ತಿತ್ತು. ಶಾಲೆಯ ಮುಖ ಕಾಣದ ಮಕ್ಕಳು ಹಳಗನ್ನಡದ ಸಮಾಸಗಳನ್ನು ತೊಡಕಿಲ್ಲದೆ ಉಚ್ಚರಿಸುತ್ತಿದ್ದುದು ಈ ಶಿಕ್ಷಣದ ಫಲ. ರಾಜಕುಮಾರರ ಶಾಲಾ ವಿದ್ಯಾಭ್ಯಾಸವು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಅವರ ಚಿತ್ರಗಳಲ್ಲಿ ಕೇಳಿಬರುವ ಉಚ್ಚಾರಣೆಯನ್ನು ಯಾವ ಕಾಲೇಜೂ ಕಲಿಸಿದ್ದಲ್ಲ. ಚಿತ್ರರಂಗದಲ್ಲಿ ಅವರ ಹಾಡುಗಾರಿಕೆ ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ನೆಲೆಗೊಂಡು, ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ದೊರೆತಾಗಲೂ, ಅದರ ಬೇರು ಇದ್ದದ್ದು ಬಾಲ್ಯದ ತಾಲೀಮಿನಲ್ಲಿ.

ಇನ್ನು ‘ಮಟ್ಟು’ಗಳ ವಿಚಾರ. ಹಳೆಯ ಅಚ್ಚಿನ ನಾಟಕ ಪುಸ್ತಕಗಳನ್ನು ತೆರೆದರೆ ಹಾಡಿನ ಮೇಲೆ ರಾಗ ತಾಳಗಳ ಹೆಸರಿನ ಜೊತೆಗೆ, ಇಂತಹ ಹಾಡಿನ ಮಟ್ಟು ಎಂದು ಮತ್ತೊಂದು ಹಾಡಿನ ಮೊದಲ ಮಾತುಗಳನ್ನು ಕೊಟ್ಟಿರುತ್ತಾರೆ. ಆ ಮೂಲ ಹಾಡು ಮರಾಠಿ ನಾಟಕದ್ದೋ, ಪಾರ್ಸಿ ಕಂಪನಿಯ ಹಿಂದುಸ್ತಾನಿ ನಾಟಕದ್ದೋ, ತ್ಯಾಗರಾಜರ ಕೃತಿಯೋ, ಮುಂದೆ ಮುಂದೆ ಚಲಚ್ಚಿತ್ರದ್ದೋ ಆಗಿರುತ್ತದೆ. ಹುಡುಗನಿಗೆ ಇದರಿಂದ ಅನುಕೂಲವಿತ್ತು: ಒಂದು ಮಟ್ಟು ಬಂದರೆ ನಾಲ್ಕು ನಾಟಕಗಳ ನಾಲ್ಕು ಹಾಡುಗಳು ಬಂದಂತೆ. ಕೇಡೂ ಇತ್ತು. ಮರಾಠಿಯ ದೀರ್ಘಸ್ವರಗಳಿಗೆಂದು ಹುಟ್ಟಿದ ಮಟ್ಟಿಗೆ ಕನ್ನಡದ ಲಘು ಅಕ್ಷರಗಳನ್ನು ಎಳೆದು ಕೂರಿಸುವಾಗ ನುಡಿಯ ಜಾಯಮಾನ ಕೆಡುತ್ತದೆ. ಆ ಎಳೆತವನ್ನೇ ಸೊಗಸೆಂದು ತಿಳಿದ ಹುಡುಗರಿಗೆ ಅದು ಜೀವಮಾನದ ಚಾಳಿಯಾಗುತ್ತಿತ್ತು. ಚರಿತ್ರಕಾರರಿಗಂತೂ ಈ ಮಟ್ಟಿನ ಸೂಚನೆಗಳು ದೊಡ್ಡ ಆಕರ. ಯಾವ ಸೀಮೆಯ ಮಂಡಳಿ ಯಾವ ದಶಕದಲ್ಲಿ ಯಾವ ಭಾಷೆಯ ಆಟಗಳನ್ನು ಕೇಳಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಅಪರೂಪ. ನಮ್ಮ ಸಂಶೋಧಕರು ಹಾಡಿನ ಸಾಹಿತ್ಯವನ್ನು ಓದಿ ತಲೆಬರಹವನ್ನು ಬಿಟ್ಟುಬಿಡುವುದು ವಿಷಾದಕರ.

ಪೇಟಿಯ ವಿಷಯದಲ್ಲಿ ಪಂಡಿತರ ಆಕ್ಷೇಪಣೆಗಳು ಎಲ್ಲರಿಗೂ ಗೊತ್ತಿವೆ. ಅದರ ಸ್ವರಸ್ಥಾನಗಳು ಕಟ್ಟಿಹಾಕಿದಂತಿರುತ್ತವೆ, ಗಮಕಕ್ಕೆ ಎಡೆಯಿಲ್ಲ ಎಂಬ ಕಾರಣದಿಂದ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದನ್ನು ದೂರವಿಟ್ಟಿತ್ತು. ಈ ವಾದದಲ್ಲಿ ನಿಜವಿದೆ. ಆದರೆ ಸಾವಿರ ಜನ ಸೇರಿದ ತಗಡಿನ ಥಿಯೇಟರಿನಲ್ಲಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಹತ್ತು ವರ್ಷದ ಬಾಲಕನ ಶ್ರುತಿಯನ್ನು ಹಿಡಿದು ನಿಲ್ಲಿಸಬಲ್ಲ ವಾದ್ಯ ಬೇರೊಂದಿರಲಿಲ್ಲ. ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಬೇಕೆಂದು ಶ್ರುತಿಯನ್ನು ಎತ್ತರದಲ್ಲಿಡುತ್ತಿದ್ದರು. ಅದು ಮುಖ್ಯನಟನ ಅನುಕೂಲಕ್ಕೆ ಹೊಂದಿಸಿದ್ದು. ಹುಡುಗನ ಕಂಠಕ್ಕೆ ಒಗ್ಗಲಿ ಬಿಡಲಿ, ಅವನು ಅದರಲ್ಲಿಯೇ ಹಾಡಬೇಕು. ‘ಒನ್ಸ್ ಮೋರ್’ ಬಿದ್ದರೆ ಅದೇ ಭಂಗಿಯಲ್ಲಿ ನಿಂತು ಮತ್ತೆ ಹಾಡಬೇಕು. ಅದೂ ಮೊದಲಿನಂತೆಯೇ ಹಾಡಿದರೆ ಸಾಲದು, ಹೊಸದೊಂದು ಸಂಗತಿಯನ್ನು ಸೇರಿಸಬೇಕು.

ಇದರ ಬೆಲೆ ಯಾವಾಗ ತೆರಬೇಕಾಗುತ್ತಿತ್ತೆಂದರೆ, ಹುಡುಗನಿಗೆ ಹದಿಮೂರು ಹದಿನಾಲ್ಕು ತುಂಬಿದಾಗ. ಕಂಠ ಒಡೆಯುವುದು ಪ್ರಕೃತಿಯ ನಿಯಮ. ಶಾಲೆಯ ಹುಡುಗನಿಗೆ ಅದು ನಾಲ್ಕು ದಿನದ ನಾಚಿಕೆ. ಬಾಲಗಾಯಕನಿಗೆ ಅದು ಜೀವನೋಪಾಯದ ಪ್ರಶ್ನೆ. ನಿನ್ನೆಯವರೆಗೆ ಪ್ರಹ್ಲಾದನಾಗಿ, ಲೋಹಿತಾಶ್ವನಾಗಿ, ಶಕುಂತಲೆಯ ಸಖಿಯಾಗಿ ಜನರನ್ನು ಒಲಿಸಿಕೊಂಡಿದ್ದವನು ಒಂದು ಸಂಜೆ ಮೇಲಿನ ಷಡ್ಜವನ್ನು ಮುಟ್ಟಲಾರದೆ ಹೋಗುತ್ತಾನೆ. ಆ ಕಾಲದಲ್ಲಿ ಕಂಠಕ್ಕೆ ವಿಶ್ರಾಂತಿ ಕೊಡಬೇಕೆಂಬುದು ಇಂದಿನ ವೈದ್ಯರ ಮತ. ಆಟದ ದಿನಚರಿಯಲ್ಲಿ ವಿಶ್ರಾಂತಿಗೆ ಎಡೆಯೆಲ್ಲಿ? ಬಲವಂತವಾಗಿ ಹಾಡಿಸಿದ್ದರಿಂದ ಎಂದೆಂದಿಗೂ ಕೆಟ್ಟುಹೋದ ಕಂಠಗಳು ಎಷ್ಟಿದ್ದವೋ ಲೆಕ್ಕವಿಟ್ಟವರಿಲ್ಲ.

ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರ (೧೮೮೬–೧೯೫೨) ನಿದರ್ಶನವು ಇಲ್ಲಿ ಪ್ರಸಿದ್ಧ. ಎಳೆತನದ ಇಂಪಾದ ಕಂಠವು ಪ್ರಾಯದೊಡನೆ ಗಡುಸಾಯಿತು. ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ಸ್ವರಸಾಧನೆ ಮಾಡಿ ಅದನ್ನು ಅವರು ಮತ್ತೆ ಪಳಗಿಸಿಕೊಂಡರು. ಬಳಿಕ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದರು. ಆದರೆ ಇಂತಹ ಗುರು ಎಷ್ಟು ಹುಡುಗರಿಗೆ ದೊರೆತಾರು? ಮನ್ಸೂರರಿಗೂ ಅದೃಷ್ಟವಿದ್ದಿತು. ಮಿರಜಿನ ನೀಲಕಂಠ ಬುವಾ ಅವರು ಈ ಬಾಲನಟನ ಗಾಯನವನ್ನು ಕೇಳಿ ಮೆಚ್ಚಿ, ಶಿಷ್ಯನನ್ನಾಗಿ ಕರೆದುಕೊಂಡರು; ಹುಡುಗನು ರಂಗದಿಂದ ಗ್ವಾಲಿಯರ್ ಪರಂಪರೆಯ ಶಿಸ್ತಿಗೆ, ಅಲ್ಲಿಂದ ಮುಂದೆ ಮಂಜೀಖಾನರ ಬಳಿಗೆ ನಡೆದನು. ಕಾರಂತರನ್ನು ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಅಲ್ಲಿ ಅವರು ಹಿಂದಿಯಲ್ಲಿ ಎಂ.ಎ. ಮಾಡುವುದರ ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಅಭ್ಯಾಸ ಮಾಡಿದರು. ಕಂಠ ಒಡೆದ ಉಳಿದ ಹುಡುಗರು ಏನಾದರು? ಕೆಲವರು ಹಾಸ್ಯಪಾತ್ರಗಳಿಗೆ ಇಳಿದರು, ಕೆಲವರು ತಬಲ ಹಿಡಿದರು, ಪರದೆ ಎಳೆದರು, ಅಡಿಗೆ ಮನೆ ಸೇರಿದರು, ಊರಿಗೆ ಮರಳಿದರು.

ಆಕರಗಳ ವಿಷಯದಲ್ಲಿ ನಾವು ಎಚ್ಚರದಿಂದಿರಬೇಕಾದುದು ಇದೇ ಕಾರಣದಿಂದ. ವೀರಣ್ಣನವರ ‘ಕಲೆಯೇ ಕಾಯಕ’, ಮನ್ಸೂರರ ‘ನನ್ನ ರಸಯಾತ್ರೆ’, ವೈದೇಹಿಯವರು ಬರೆದುಕೊಂಡ ಕಾರಂತರ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಲ್ಲವೂ ಗೆದ್ದವರ ಬರಹಗಳು. ಪೇಟಿ ಮಾಸ್ತರರ ಪೆಟ್ಟನ್ನು ಗೆದ್ದವನು ನೆನೆಯುವಾಗ ಅದು ಆಶೀರ್ವಾದವಾಗುತ್ತದೆ. ತಪ್ಪಿದವನಿಗೆ ಹೊಡೆಯುವುದು ಆ ಕಾಲದ ಶಾಲೆಗಳಲ್ಲಿಯೂ ಸಾಮಾನ್ಯವೇ. ಆದರೂ ಶಾಲೆಯಿಂದ ಸಂಜೆ ಮನೆಗೆ ಹೋಗಬಹುದಾಗಿತ್ತು. ಬೆಳಗಿನ ಜಾವದವರೆಗೆ ಬಣ್ಣ ಹಚ್ಚಿಕೊಂಡು ಎಚ್ಚರವಿರುವ ಹತ್ತು ವರ್ಷದ ಮಗುವಿನ ಬಾಳನ್ನು ಗುರುಕುಲವೆಂದು ಮಾತ್ರ ಬಣ್ಣಿಸಿ ಮುಗಿಸುವುದು ನಮಗೆ ಸಮ್ಮತವಲ್ಲ. ೧೯೮೬ರ ಬಾಲಕಾರ್ಮಿಕ ಶಾಸನಕ್ಕೆ ೨೦೧೬ರಲ್ಲಿ ಆದ ತಿದ್ದುಪಡಿಯು ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ ಕಲಾವಿದ ಮಕ್ಕಳಿಗೆ, ವಿದ್ಯಾಭ್ಯಾಸಕ್ಕೆ ಅಡ್ಡಿಯಾಗದಂತೆ, ವಿನಾಯಿತಿ ಕೊಟ್ಟಿದೆ. ಸರ್ಕಸ್ಸಿಗೆ ಆ ವಿನಾಯಿತಿಯಿಲ್ಲ. ಹಳೆಯ ಕಂಪನಿಗಳ ಕ್ರಮ ಈ ನಿಬಂಧನೆಯೊಳಗೆ ಒಂದು ವಾರವೂ ನಡೆಯಲಾರದು. ಹಾಗೆಂದು ಅಲ್ಲಿ ಶಿಕ್ಷಣವೇ ಇರಲಿಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಅಂಧ ಮಕ್ಕಳಿಗೆ ಸಂಗೀತವನ್ನು ಕಲಿಸುವ ಆಶ್ರಮದ ಜೊತೆಗೆ ನಾಟಕ ಕಂಪನಿಯನ್ನೂ ಕಟ್ಟಿದರು, ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅದಕ್ಕೆ ನಾಟಕಗಳನ್ನು ಬರೆದು ಮುಂದುವರಿಸಿದರು. ಆಟದ ಉತ್ಪನ್ನದಿಂದ ಮಕ್ಕಳ ಊಟ, ಮಕ್ಕಳ ಸಂಗೀತದಿಂದ ಆಟ ಎಂಬ ಈ ಏರ್ಪಾಡನ್ನು ಶೋಷಣೆ ಎನ್ನಲು ಯಾರೂ ಮುಂದಾಗುವುದಿಲ್ಲ. ಒಂದೇ ಮಾತಿನ ತೀರ್ಪು ಇಲ್ಲಿ ಕೂಡಿಬರುವುದಿಲ್ಲ; ಕಂಪನಿ ಕಂಪನಿಗೂ, ಮಾಲೀಕ ಮಾಲೀಕರಿಗೂ ವ್ಯತ್ಯಾಸವಿದ್ದಿತು.

ಸ್ತ್ರೀಯರು ರಂಗಕ್ಕೆ ಬಂದ ಮೇಲೆ ಈ ವ್ಯವಸ್ಥೆ ಸಡಿಲಿತು. ಬಿ. ಜಯಮ್ಮನವರಂತಹ ಗಾಯಕನಟಿಯರು ಗುಬ್ಬಿ ಕಂಪನಿಯಲ್ಲಿ ನೆಲೆಯಾದಾಗ ಹುಡುಗರಿಗೆ ಉಳಿದದ್ದು ಬಾಲಪಾತ್ರಗಳು ಮಾತ್ರ. ಹಿಂದೆಯೇ ಮಾತನಾಡುವ ಚಿತ್ರಗಳು ಬಂದವು. ಮಟ್ಟನ್ನು ಗ್ರಾಮಾಫೋನಿನಿಂದಲೇ ಕಲಿಯಬಹುದಾಯಿತು. ಧ್ವನಿವರ್ಧಕ ಬಂದು ಶ್ರುತಿ ಇಳಿಯಿತು.

ಕಂಪನಿಯ ತಾಲೀಮಿನ ಒಂದು ಎಳೆ ಮಾತ್ರ ಬೇರೆ ದಾರಿಯಿಂದ ನಮ್ಮ ಕಾಲಕ್ಕೆ ಬಂದಿದೆ. ಅದು ಕಾರಂತರ ಮೂಲಕ. ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಅಳವಡಿಸಿದಾಗಲೂ, ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದಾಗಲೂ, ಅವರು ಹಾಡನ್ನು ಗಾಯಕರಿಂದ ಹಾಡಿಸದೆ ನಟರಿಂದಲೇ ಹಾಡಿಸಿದರು. ಸಂಗೀತ ಬಾರದೆಂದು ಹಿಂಜರಿದವರನ್ನೂ ಬಿಡಲಿಲ್ಲ. ೧೯೮೯ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದಲ್ಲಿಯೂ ಹೆಗ್ಗೋಡಿನ ನೀನಾಸಮ್ ಶಿಕ್ಷಣಕೇಂದ್ರದಲ್ಲಿಯೂ ರಂಗಸಂಗೀತವು ನಟನ ಪಾಠಗಳಲ್ಲಿ ಒಂದಾಗಿ ನಿಂತಿರುವುದಕ್ಕೆ ಹಿಂದಿನ ಪೇಟಿ ಮಾಸ್ತರರ ಮಧ್ಯಾಹ್ನಗಳೂ ಕಾರಣ. ವ್ಯತ್ಯಾಸವೆಂದರೆ, ಇಲ್ಲಿಗೆ ಬರುವ ವಿದ್ಯಾರ್ಥಿ ಪ್ರಾಯಕ್ಕೆ ಬಂದವನು, ಕಂಠ ಒಡೆದು ನೆಲೆಗೊಂಡವನು, ತಾನೇ ಬಯಸಿ ಅರ್ಜಿ ಹಾಕಿದವನು. ಹುಡುಗಿಯರೂ ಅವನೊಡನೆ ಅದೇ ಪಾಠವನ್ನು ಕಲಿಯುತ್ತಾರೆ.

ಮೇಲೆ ಹೇಳಿದ ನಮ್ಮ ವಿದ್ಯಾರ್ಥಿಗಳ ಅಭ್ಯಾಸಕ್ಕೆ ನಾಟಕದ ಅಚ್ಚಿನ ಪ್ರತಿಯೇನೋ ದೊರೆಯಿತು. ಹಾಡುಗಳ ಮೇಲೆ ಕೊಟ್ಟಿದ್ದ ಮಟ್ಟುಗಳಲ್ಲಿ ಮೂರನ್ನು ಮಾತ್ರ ಗುರುತಿಸಲು ಸಾಧ್ಯವಾಯಿತು. ಒಂದನ್ನು ಕಂಪನಿಯಲ್ಲಿ ತಬಲ ನುಡಿಸಿದ್ದ ಹಿರಿಯರೊಬ್ಬರು ಗುನುಗಿ ತೋರಿಸಿದರು. ಉಳಿದವುಗಳ ಮೂಲ ಹಾಡು ಯಾವುದು, ಯಾವ ಭಾಷೆಯದು ಎಂಬುದು ಹೊಳೆಯಲಿಲ್ಲ. ರಾಗದ ಹೆಸರನ್ನು ಹಿಡಿದು ನಮ್ಮ ಹುಡುಗರು ತಾವೇ ಹೊಸದಾಗಿ ಮಟ್ಟು ಕಟ್ಟಿಕೊಂಡರು. ಆ ಹಿರಿಯರಂತಹವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಒಂದು ಧ್ವನಿಮುದ್ರಣ ಯಂತ್ರದೊಡನೆ, ಹಳೆಯ ನಾಟಕ ಪುಸ್ತಕಗಳನ್ನು ಕೈಯಲ್ಲಿ ಹಿಡಿದು, ಅವರ ಬಳಿಗೆ ಹೋಗುವ ಕೆಲಸವನ್ನು ಬರುವ ಬೇಸಿಗೆಯ ರಜೆಯಲ್ಲಿ ನಾವು ಆರಂಭಿಸಲಿದ್ದೇವೆ.